ಮೂವತ್ತು ಬಟ್ಟಿ ಗದ್ದೆಯ ಲೆಕ್ಕ

ಸಹಕಾರ ಸಂಘದವರು ಕೊಟ್ಟ ಡೈರಿ.
ಎಡಕ್ಕೆ ಖರ್ಚು, ಬಲಕ್ಕೆ ಬಂದದ್ದು.
ಕಾಫಿಗೆ ನಾಲ್ಕು ಪುಟ, ಮೆಣಸಿಗೆ ಎರಡು,
ಗದ್ದೆಗೆ ಅರ್ಧ ಪುಟ ಸಾಕು,
ಅದೂ ಕೆಂಪು ಶಾಯಿಯಲ್ಲಿ.

ಟಿಲ್ಲರು ಗಂಟೆಗೆ ಇಷ್ಟು,
ನಾಟಿಗೆ ಹನ್ನೆರಡು ಆಳು, ಅವರಿಗೆ ಜೀಪಿನ ಬಾಡಿಗೆ,
ಬದು ಕಡಿಯಲು ಮೂರು ಜನ.
ರಾತ್ರಿ ಹಂದಿ ಕಾದದ್ದಕ್ಕೆ ಕೂಲಿ ಬರೆದಿಲ್ಲ,
ಕಾದವಳು ನಾನೇ.
ಬಂದದ್ದು ಹದಿನೆಂಟು ಕ್ವಿಂಟಾಲ್.
ಕಳೆದು ನೋಡಿದರೆ
ಬೇಲಿಯ ತಂತಿಗೂ ಸಾಲದು.

ಕುಯ್ಲು ಮುಗಿದ ವಾರ ಪೌಲೋಸ್ ಬಂದ, ವಯನಾಡಿನವ.
ಚಪ್ಪಲಿ ಬಿಟ್ಟು ಗದ್ದೆಗಿಳಿದು
ಒಂದು ಹಿಡಿ ಮಣ್ಣೆತ್ತಿ ಮೂಸಿದ.
ಶುಂಠಿಗೆ ಕೊಡಿ, ಲಕ್ಷ ಕೊಡುತ್ತೇನೆ ಎಂದ, ಮುಂಗಡವೇ.
ಕೆಟ್ಟವನಲ್ಲ. ಕೇಳಿದ್ದಕ್ಕೆ ನಿಜ ಹೇಳಿದ:
"ನೀರು ನಿಲ್ಲಬಾರದು ಅಕ್ಕ, ಆಳಕ್ಕೆ ಚರಂಡಿ ತೋಡುತ್ತೇವೆ.
ಒಂದು ಬೆಳೆ ತೆಗೆದ ಮೇಲೆ ಏಳೆಂಟು ವರ್ಷ
ಇಲ್ಲಿ ಶುಂಠಿ ಏಳುವುದಿಲ್ಲ, ಕೊಳೆರೋಗ ಮಣ್ಣಲ್ಲೇ ಕೂರುತ್ತದೆ.
ನಾವು ಮುಂದಿನ ಊರಿಗೆ ಹೋಗುತ್ತೇವೆ."

ನಾನು ಮುಂದಿನ ಊರಿಗೆ ಹೋಗುವವಳಲ್ಲ.
ಇದನ್ನು ಎಡಕ್ಕೆ ಬರೆಯಬೇಕೋ, ಬಲಕ್ಕೋ?

ಗೋಣಿಕೊಪ್ಪದಲ್ಲಿ ಗೊಬ್ಬರದಂಗಡಿ ಇಟ್ಟ ಮೈದುನ
ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ:
ಬೇಡ ಎಂದರೆ ವರ್ಷಕ್ಕೆ ಲಕ್ಷ ಹೋದಂತೆ.
ಅವನದೂ ತಪ್ಪಲ್ಲ.
ಕಾಫಿ ಕಣದ ಸಿಮೆಂಟು ಬಿರಿದು ಎರಡು ಮಳೆಗಾಲವಾಯಿತು.
ಪೌಲೋಸನ ನಂಬರು ಡೈರಿಯ ಹಿಂದಿನ ರಟ್ಟಿನಲ್ಲಿ
ಬರೆದಿಟ್ಟುಕೊಂಡೆ, ಪೆನ್ಸಿಲ್ಲಿನಲ್ಲಿ.

ಆ ವರ್ಷ ಹೂಮಳೆ ಬರಲಿಲ್ಲ.
ಫೆಬ್ರವರಿ ಮುಗಿಯಿತು, ಮೋಡ ಕುಟ್ಟದ ಕಡೆಗೇ ತಿರುಗಿತು.
ರೊಬಸ್ಟಾ ಮೊಗ್ಗು ಹಸಿರು ಕಡ್ಡಿಯಂತೆ ನಿಂತು
ಕಾಯುತ್ತಿತ್ತು, ಒಂದು ಇಂಚು ನೀರಿಗೆ.
ಆ ಒಂದು ಇಂಚು ಇಲ್ಲದಿದ್ದರೆ
ನಾಲ್ಕು ಪುಟವೂ ಖಾಲಿ.

ಕತ್ತಲಾದ ಮೇಲೆ ಬಿದ್ದಪ್ಪ ಬಂದ, ಟಾರ್ಚು ಆರಿಸಿ ನಿಂತ.
ಅವನ ಗದ್ದೆ ಶುಂಠಿಗೆ ಹೋಗಿ ಮೂರನೇ ವರ್ಷ,
ಚರಂಡಿ ಹಾಗೇ ಇದೆ, ಕೆರೆ ತಳ ಬಿರಿದಿದೆ.
"ದೇಚಮ್ಮ, ಎರಡು ರಾತ್ರಿ ನಿನ್ನ ಕೆರೆಗೆ ಪೈಪು ಇಳಿಸಲೇ?
ಡೀಸೆಲ್ ನನ್ನದು."

ನನ್ನ ಕೆರೆಯಲ್ಲಿ ಸೊಂಟದ ಮಟ್ಟ ನೀರಿತ್ತು.
ಯಾಕೆ ಇತ್ತು ಎಂದು ಆಗ ಯೋಚಿಸಿದೆ,
ಅಲ್ಲಿಯವರೆಗೆ ಯೋಚಿಸಿರಲಿಲ್ಲ, ನಾಚಿಕೆಯ ಮಾತು.
ಆಟಿಯಿಂದ ಆರು ತಿಂಗಳು
ಮಳೆಯನ್ನು ಕಾಲಡಿಯಲ್ಲಿ ಹಿಡಿದು ಕೂರುವುದು ಗದ್ದೆ,
ಕೆಂಪು ಶಾಯಿಯ ಅದೇ ಗದ್ದೆ,
ಸದ್ದಿಲ್ಲದೆ ಕೆರೆಗೆ ಇಳಿಸುತ್ತಿತ್ತು,
ಕೆರೆ ಕಾಫಿಗೆ ಕೊಡುತ್ತಿತ್ತು.
ಒಬ್ಬರೂ ಬಿಲ್ಲು ಬರೆದಿರಲಿಲ್ಲ.

ಬಿದ್ದಪ್ಪನಿಗೆ ಎರಡು ರಾತ್ರಿ ಕೊಟ್ಟೆ, ಮೂರನೆಯದು ಕೊಡಲಿಲ್ಲ.
ಬಿದಿರಿಗೆ ಗೆರೆ ಕೊಯ್ದು ಕೆರೆಯಲ್ಲಿ ನೆಟ್ಟೆ:
ಈ ಗೆರೆ ಕಂಡರೆ ಮೋಟಾರು ಬಂದ್,
ಅವನದೂ, ನನ್ನದೂ.

ಚೋಮಿಗೆ ಇದು ಮೊದಲೇ ಗೊತ್ತಿತ್ತೇನೋ.
ಬಾಳೆಲೆಯಲ್ಲಿ ನಾಟಿಗೆ ಜನ ಸಿಗದ ಜುಲೈನಲ್ಲೂ
ಹಾಡಿಯಿಂದ ಅವಳ ತಂಡ ಮೊದಲು ನನ್ನಲ್ಲಿಗೆ.
ನನ್ನ ಕೂಲಿ ಹೆಚ್ಚೇನಲ್ಲ.
ಸಂಜೆ ಅವಳ ಸೆರಗಿನ ಗಂಟು ಅಲುಗಾಡುತ್ತಿತ್ತು.
"ಔಷಧಿ ಹೊಡೆದ ಗದ್ದೆಯಲ್ಲಿ ಏಡಿ ಇರಲ್ಲ,
ಏಡಿ ಇಲ್ಲದ ಗದ್ದೆಗೆ ಬಗ್ಗಿದರೆ
ರಾತ್ರಿ ಸಾರಿಗೆ ಏನು ಹಾಕಲಿ?"
ಹನ್ನೆರಡು ಆಳಿನ ಪಕ್ಕ ಅಂದು ಬರೆದೆ: ಏಡಿ.
ಮೈದುನ ನೋಡಿ ನಕ್ಕ.

ಪುತ್ತರಿ ರಾತ್ರಿ ಐದು ಮನೆಯವರು ದೀಪ ಹಿಡಿದು ಬಂದರು.
ಆ ಬಯಲಲ್ಲಿ ಕದಿರು ನಿಂತದ್ದು ನನ್ನಲ್ಲಿ ಮಾತ್ರ.
ಶುಂಠಿಯನ್ನು ಕುಯ್ದು ಕೈಮಡಕ್ಕೆ ತರಲಾದೀತೇ?
ಬಿದ್ದಪ್ಪ ಬೆಸ ಎಣಿಸಿ ಕೊಯ್ದ,
"ಪೊಲಿ ಪೊಲಿ ದೇವಾ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ,
ಹೆಚ್ಚಲಿ, ಹೆಚ್ಚಲಿ,
ಬಾಕಿ ಇಟ್ಟುಕೊಂಡವನ ದನಿಯಲ್ಲಿ.

ಬೆಳಿಗ್ಗೆ ಅವನ ಜೀಪು ಎಂಟು ಚೀಲ ಸಗಣಿ ಗೊಬ್ಬರ ಇಳಿಸಿ ಹೋಯಿತು.
ಬಲಕ್ಕೆ ಬರೆದುಕೊಂಡೆ.
ಕೆಳಗೆ ಸಣ್ಣದಾಗಿ:
ಖಾಲಿ ಚೀಲ ವಾಪಸು ಕೊಡಬೇಕು.
ಚರಂಡಿ ಮುಚ್ಚುವ ವಿಷಯ ಕೇಳಬೇಕು.